ಎರಡನೆಯ ಎಣಿಕೆ

ಹರಿಹರದ ಬಸ್‌ಸ್ಟ್ಯಾಂಡಿಗೆ ದಾವಣಗೆರೆ ಬಸ್ಸು ಬಂದು ಇನ್ನೂ ಪೂರ್ತಿ ನಿಂತಿರಲಿಲ್ಲ, ಗುಲ್ನಾಜ್ ಆಗಲೇ ಹತ್ತಿ ಎರಡು ಸೀಟು ಹಿಡಿದಿದ್ದಳು. ಕಿಟಕಿಯ ಪಕ್ಕದ್ದು ಮೇಡಂಗೆ, ಈಚಿನದು ತನಗೆ. ಮೂರು ವಾರದಿಂದ ಹೀಗೇ ನಡೆದುಬಂದಿತ್ತು. ಮರುಳಸಿದ್ದಮ್ಮ ಸೀರೆಯ ನೆರಿಗೆ ಹಿಡಿದುಕೊಂಡು ಒಳಗೆ ಸರಿದು ಕೂತಳು. ಬೆಳಗಿನ ಎಂಟಕ್ಕೇ ಸೀಟಿನ ರೆಕ್ಸಿನ್ ಕಾದಿತ್ತು. ವ್ಯಾನಿಟಿ ಬ್ಯಾಗಿನೊಳಗಿನ ಫೋನು ಸುಮ್ಮನೇ ಇದ್ದರೂ ಅದು ತೊಡೆಯ ಮೇಲೆ ಭಾರವಾಗಿ ಕೂತಂತೆ ಅನಿಸುತ್ತಿತ್ತು. ನಿನ್ನೆ ಸಂಜೆ ಡಾಕ್ಟರ್ ಬಸವಕಿರಣ್ ಕಳಿಸಿದ ಮೆಸೇಜು ಅದರಲ್ಲಿತ್ತು: ‘ನಾಳೆ ಅರ್ಧ ಗಂಟೆ ಮುಂಚೆ ಬನ್ನಿ ಮೇಡಂ. ಸ್ಲೈಡುಗಳದ್ದು ಒಂದು ಸಣ್ಣ ವಿಷಯ ಮಾತಾಡಬೇಕು.’ ಸಣ್ಣ ಎಂಬ ಆ ಪದವನ್ನು ಅವಳು ಒಗ್ಗರಣೆ ಹಾಕುವಾಗ, ಗಂಡನಿಗೆ ಊಟಕ್ಕೆ ಬಡಿಸುವಾಗ, ಹಲ್ಲುಜ್ಜುವಾಗ ತಿರುತಿರುಗಿ ಓದಿದ್ದಳು. ನಿಜವಾಗಿ ಸಣ್ಣದಾಗಿದ್ದರೆ ಅದನ್ನು ಸಣ್ಣದೆಂದು ಯಾರೂ ಬರೆಯುವುದಿಲ್ಲ. ಪಕ್ಕದಲ್ಲಿ ಹುಡುಗಿ ತನ್ನ ನೋಟ್‌ಪುಸ್ತಕವನ್ನು ಎದೆಗೊತ್ತಿಕೊಂಡು ಕೂತಿದ್ದಳು. ಅದರ ನೀಲಿ ರಟ್ಟು ಕಣ್ಣಿಗೆ ಬಿದ್ದದ್ದೇ ಮರುಳಸಿದ್ದಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊರಗೆ ಒಬ್ಬಾಕೆ ಸೌತೆಕಾಯಿಯನ್ನು ನಾಲ್ಕು ಸೀಳು ಮಾಡಿ ಉಪ್ಪುಖಾರ ತುಂಬುತ್ತಿದ್ದಳು. ಎಷ್ಟು ನಿರಾಳವಾದ ಕೆಲಸ ಅನಿಸಿತು. ಸೀಳಿದರೆ ಸೀಳಿದ್ದು ಕಾಣುತ್ತದೆ.

‘ನೀವು ಜೊತಿಗಿರ್ತೀರಿ ಅಂತ ಕಳಸ್ತೀವ್ರಿ ಮೇಡಂ. ಇಲ್ಲಾಂದ್ರ ಇವರಪ್ಪ ಒಪ್ಪಾಂಗಿಲ್ಲ’ ಎಂದಿದ್ದಳು ದಿಲ್ಷಾದ್ ಬೇಗಂ, ಗುಲ್ನಾಜಳ ತಾಯಿ. ಅವಳ ಗಂಡ ಖಲೀಲ್ ಗಾದಿ ಹೊಲಿಯುವವನು. ಅವರ ಮನೆಯಲ್ಲಿ ಕುರ್ಚಿಯ ಮೇಲೆ, ಪಾತ್ರೆಯ ಕಂಠದಲ್ಲಿ, ಹುಡುಗಿಯ ರೆಪ್ಪೆಯಲ್ಲಿ ಕೂಡ ಅರಳೆಯ ಎಳೆ ಇರುತ್ತಿತ್ತು. ಎಂಟನೇ ತರಗತಿ ಮುಗಿಸಿದ ಅವಳನ್ನು ಆರಿಸಿದವಳು ಮರುಳಸಿದ್ದಮ್ಮನೇ. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿದ್ದ ಒಂದು ಸಂಶೋಧನಾ ಕೇಂದ್ರದವರು ಬೇಸಿಗೆ ರಜೆಯಲ್ಲಿ ನಾಲ್ಕು ವಾರದ ತರಬೇತಿ ಇಟ್ಟಿದ್ದರು. ಒಂದು ಶಾಲೆಯಿಂದ ಒಬ್ಬ ವಿದ್ಯಾರ್ಥಿ, ಒಬ್ಬರು ಶಿಕ್ಷಕರು ಜೋಡಿಯಾಗಿ ಬರಬೇಕು. ವೈದ್ಯಕೀಯ ಸಂಶೋಧನೆ ಹೇಗೆ ನಡೆಯುತ್ತದೆಂಬುದನ್ನು ಕೈಯಾರೆ ಮಾಡಿ ಕಲಿಯಬೇಕು. ಆರು ಜೋಡಿಗಳಲ್ಲಿ ಒಳ್ಳೆಯ ಎರಡನ್ನು ಆರಿಸಿ ಮುಂದಿನ ಎರಡು ವರ್ಷ ಪ್ರತಿ ಶನಿವಾರ ಕಲಿಸುತ್ತಾರೆ. ಮೊದಲ ದಿನ ಕೊರಳಿಗೆ ಹಾಕಿಕೊಟ್ಟ ಗುರುತಿನ ಚೀಟಿಯಲ್ಲಿ ಅವಳ ಹೆಸರು ‘ಎಂ. ಸಿದ್ದಮ್ಮ’ ಎಂದಾಗಿತ್ತು. ಖಾಸಗಿ ಶಾಲೆಯಿಂದ ಬಂದಿದ್ದ ಎಳೆಯ ಟೀಚರುಗಳ ಹೆಸರುಗಳೆಲ್ಲ ಎರಡೆರಡು ಅಕ್ಷರದವು, ಚೀಟಿಯ ನಡುವೆ ಆರಾಮಾಗಿ ಕೂತಿದ್ದವು. ಸರಿಮಾಡಿ ಕೊಡಿ ಎಂದು ಕೇಳಬೇಕೆಂದುಕೊಂಡು ಕೇಳಲಿಲ್ಲ. ಅದೇ ದಿನ ತರಬೇತಿ ನಡೆಸುವ ಬಸವಕಿರಣ್ ಮೈಕ್ರೋಸ್ಕೋಪಿನ ಮುಂದೆ ನಿಂತು ಹುಡುಗರಿಗೆಲ್ಲ ಬಿಳಿ ರಕ್ತಕಣದ ಐದು ಜಾತಿ ವಿವರಿಸಿ, ಕೊನೆಗೆ ಇವಳ ಕಡೆ ತಿರುಗಿ, ‘ಮೇಡಂಗೆ ನಾನೇನು ಹೇಳೋದು, ನೀವು ಇಪ್ಪತ್ತೆರಡು ವರ್ಷದಿಂದ ಪಾಠ ಮಾಡ್ತಿದೀರಿ, ಗೊತ್ತಿರುತ್ತೆ’ ಎಂದಿದ್ದ. ಅವಳು ‘ಹೂಂ’ ಎಂದಿದ್ದಳು. ಬೇರೆ ಏನನ್ನಬಹುದಿತ್ತು? ಎಲ್ಲರೂ ನೋಡುತ್ತಿದ್ದರು. ಗುಲ್ನಾಜ್ ಹೆಮ್ಮೆಯಿಂದ ನೋಡುತ್ತಿದ್ದಳು.

ಗೊತ್ತಿತ್ತು, ಬೋರ್ಡಿನ ಮೇಲೆ. ನೇರಳೆ ಚಾಕ್‌ಪೀಸಿನಲ್ಲಿ ನ್ಯೂಟ್ರೋಫಿಲ್‌ಗೆ ಮೂರು ಹಾಲೆ, ಮಾನೋಸೈಟಿಗೆ ಹುರುಳಿಕಾಳಿನ ಆಕಾರದ ಕೋಶಕೇಂದ್ರ. ಕಣ್ಣು ಮುಚ್ಚಿ ಬಿಡಿಸುತ್ತಿದ್ದಳು. ಆದರೆ ನಿಜವಾದ ರಕ್ತದ ಕಣವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಬಿ.ಎಸ್ಸಿ.ಯಲ್ಲಿ ಹದಿನಾಲ್ಕು ಹುಡುಗಿಯರಿಗೆ ಒಂದು ಮೈಕ್ರೋಸ್ಕೋಪು; ತಲೆಗೆ ಅರ್ಧ ನಿಮಿಷ. ತನ್ನೂರು ಕಡರನಾಯಕನಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು, ಎಣ್ಣೆ ಹಚ್ಚಿದ ಜಡೆಯನ್ನು ಹಿಂದೆ ಎಸೆದುಕೊಂಡು ಬಾಗಿದಾಗ ಅವಳಿಗೆ ಕಂಡದ್ದು ತನ್ನದೇ ರೆಪ್ಪೆಗೂದಲು. ಕಪ್ಪನೆ ಕಡ್ಡಿಗಳು ಒಂದು ಬೆಳಕಿನ ವೃತ್ತದ ಮುಂದೆ ಏಳುತ್ತ ಬೀಳುತ್ತ ಇದ್ದವು. ‘ಕಾಣ್ತಾ?’ ಎಂದು ಲೆಕ್ಚರರ್ ಕೇಳಿದರು. ‘ಕಾಣ್ತು ಸರ್.’ ಹಿಂದಿನವಳಿಗೆ ಜಾಗ ಬಿಟ್ಟಳು. ಹಿಂದಿನವಳಿಗೂ ಕಂಡಿತು. ಎಲ್ಲರಿಗೂ ಕಂಡಿತು. ಅಲ್ಲಿಂದ ಇಲ್ಲಿಯವರೆಗೆ ಅದೇ ಒಂದು ಕಾಣ್ಕೆಯ ಮೇಲೆ ನೌಕರಿ, ಮದುವೆ, ಸಾವಿರಾರು ಮಕ್ಕಳು. ಅವಳ ಶಾಲೆಯಲ್ಲೂ ಒಂದು ಮೈಕ್ರೋಸ್ಕೋಪು ಮರದ ಪೆಟ್ಟಿಗೆಯಲ್ಲಿದೆ; ಅದರ ಗಾಜಿಗೆ ಬೂಷ್ಟು ಹತ್ತಿದೆ. ಹತ್ತಿದ್ದು ಒಳ್ಳೆಯದೇ ಆಯಿತೆಂದು ಅವಳು ಯಾವತ್ತೂ ಬಾಯಿಬಿಟ್ಟು ಅಂದುಕೊಂಡಿರಲಿಲ್ಲ.

ಕೇಂದ್ರದಲ್ಲಿ ಅವರ ಜೋಡಿಗೆ ಕೊಟ್ಟದ್ದು ಸುತ್ತಲಿನ ಹಳ್ಳಿಯ ಶಾಲಾ ಹುಡುಗಿಯರ ರಕ್ತದ ಅರವತ್ತು ಸ್ಲೈಡು. ಪ್ರತಿಯೊಂದರಲ್ಲಿ ನೂರು ಬಿಳಿಕಣ ಎಣಿಸಿ, ಐದು ಜಾತಿಯಲ್ಲಿ ಯಾವುದು ಎಷ್ಟೆಂದು ಬರೆಯಬೇಕು. ಕೈಯಲ್ಲಿ ಐದು ಗುಂಡಿಯ ಎಣಿಸುವ ಯಂತ್ರ. ನೂರು ತುಂಬಿದಾಗ ಟಿಂಗ್ ಎನ್ನುತ್ತದೆ. ಒಂದೇ ಸ್ಲೈಡನ್ನು ಇಬ್ಬರೂ ಬೇರೆಬೇರೆ ಹೊತ್ತಿನಲ್ಲಿ ಎಣಿಸಬೇಕು, ಒಬ್ಬರ ಪುಸ್ತಕ ಇನ್ನೊಬ್ಬರು ನೋಡಬಾರದು. ‘ಒಬ್ಬರ ಕಣ್ಣನ್ನ ಸೈನ್ಸ್ ನಂಬಲ್ಲ’ ಎಂದಿದ್ದ ಬಸವಕಿರಣ್. ಮೊದಲೆರಡು ದಿನ ಅವಳು ಪ್ರಾಮಾಣಿಕವಾಗಿ ಬಾಗಿ ಕೂತಳು. ಹುರುಳಿಕಾಳು ಎಲ್ಲೂ ಇರಲಿಲ್ಲ. ಹಿಂಡಿ ಬಿಸಾಕಿದ ನೇರಳೆ ಹಣ್ಣಿನ ಸಿಪ್ಪೆಯಂಥವು ತೇಲುತ್ತಿದ್ದವು. ದೊಡ್ಡದು, ಅಷ್ಟೇನೂ ದೊಡ್ಡದಲ್ಲದ್ದು, ಬೂದು, ಅರೆಬೂದು. ಒಂದು ಸ್ಲೈಡಿಗೆ ಒಂದು ತಾಸು ಹಿಡಿಯಿತು, ಮತ್ತೆ ಎಣಿಸಿದರೆ ಲೆಕ್ಕ ಬೇರೆಯೇ ಬಂತು. ಪಕ್ಕದ ಮೇಜಿನಲ್ಲಿ ಗುಲ್ನಾಜಳ ಯಂತ್ರ ಟಿಂಗ್ ಎಂದಿತು, ಸ್ವಲ್ಪ ಹೊತ್ತಿಗೆ ಮತ್ತೆ ಟಿಂಗ್ ಎಂದಿತು. ಹದಿನಾಲ್ಕು ವರ್ಷದ ಹುಡುಗಿ, ಅರಳೆಯಲ್ಲಿ ಕಸ ಆರಿಸಿ ಆರಿಸಿ ಪಳಗಿದ ಕಣ್ಣು. ಮೂರನೆಯ ದಿನ ಹುಡುಗಿ ಕೈತೊಳೆಯಲು ಹೋದಾಗ ಮೇಜಿನ ಖಾನೆಯಲ್ಲಿ ನೀಲಿ ರಟ್ಟಿನ ಪುಸ್ತಕ ಅರ್ಧ ಹೊರಗೆ ಚಾಚಿಕೊಂಡಿತ್ತು. ಬರೀ ಹೋಲಿಸಿ ನೋಡೋಣವೆಂದು ಮರುಳಸಿದ್ದಮ್ಮ ತೆಗೆದಳು. ಐವತ್ತೆಂಟು, ಮೂವತ್ತಮೂರು, ಐದು, ನಾಲ್ಕು, ಸೊನ್ನೆ. ತನ್ನ ಪುಸ್ತಕದಲ್ಲಿ ಐವತ್ತೇಳು, ಮೂವತ್ನಾಲ್ಕು, ಐದು, ನಾಲ್ಕು, ಸೊನ್ನೆ ಎಂದು ಬರೆದಳು. ಇಲ್ಲಿಂದ ಒಂದು ತೆಗೆದು ಅಲ್ಲಿಗೆ ಹಾಕಿದ್ದು, ಅಷ್ಟೇ. ಆಮೇಲಿನ ದಿನಗಳಲ್ಲಿ ಕಣ್ಣನ್ನು ಮೈಕ್ರೋಸ್ಕೋಪಿಗೆ ಒತ್ತಿ, ರೆಪ್ಪೆ ಮುಚ್ಚಿಕೊಂಡು, ಗುಂಡಿ ಒತ್ತುತ್ತ ಕೂತಿರುತ್ತಿದ್ದಳು. ಟಿಂಗ್ ಎಂದಾಗ ತಲೆಯೆತ್ತಿ ಕತ್ತು ನೀವಿಕೊಳ್ಳುತ್ತಿದ್ದಳು. ಕತ್ತು ನಿಜಕ್ಕೂ ನೋಯುತ್ತಿತ್ತು.

ಎರಡನೆಯ ವಾರದಿಂದ ಹುಡುಗಿಯ ಅಂಕಿಗಳು ಬದಲಾದವು. ಮೊದಲು ಅವಳ ಒಂದಕ್ಕೂ ಏಳಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಈಗ ಏಳಕ್ಕೆ ನಡುವೆ ಅಡ್ಡಗೆರೆ, ಪ್ರತಿ ಸ್ಲೈಡಿನ ಕೆಳಗೊಂದು ಗೀಟು, ದಪ್ಪ ಅಕ್ಷರ. ಪುಸ್ತಕವೂ ಖಾನೆಯ ಒಳಗೆ ಇರದೆ ಮೇಜಿನ ಮೇಲೇ ಇರತೊಡಗಿತು. ಹುಡುಗಿಗೆ ಶಿಸ್ತು ಬರುತ್ತಿದೆ ಎಂದು ಮರುಳಸಿದ್ದಮ್ಮ ತಿಳಿದುಕೊಂಡಳು. ಹಾಗೆ ತಿಳಿದುಕೊಳ್ಳಲು ಬಹಳ ಶ್ರಮಪಟ್ಟಳು.

‘ಮೇಡಂ, ಇಳೀರಿ, ಬಂತು’ ಎಂದು ಗುಲ್ನಾಜ್ ಭುಜ ಮುಟ್ಟಿದಳು.

ಎರಡನೆಯ ಮಹಡಿಯ ಕೋಣೆಯಲ್ಲಿ ಬಸವಕಿರಣ್ ಒಬ್ಬನೇ ಇದ್ದ. ಮೂವತ್ತರ ಆಸುಪಾಸಿನ ಮೃದು ಮಾತಿನ ಹುಡುಗ. ಅವಳಿಗೆ ಕುರ್ಚಿ ಎಳೆದುಕೊಟ್ಟು, ತಾನು ನಿಂತೇ ಮಾತಾಡುತ್ತಿದ್ದ. ಆ ಮರ್ಯಾದೆಯೇ ಅವಳ ಬೆನ್ನನ್ನು ಕುರ್ಚಿಗೆ ಬಿಗಿದು ಕಟ್ಟಿದಂತಾಗುತ್ತಿತ್ತು. ಗುಲ್ನಾಜ್ ಹೊರಗಿನ ಹಾಲಿನಲ್ಲಿ ನಿಂತಳು. ಮೂಲೆಯ ಸಿಂಕಿನ ಹತ್ತಿರ ಲ್ಯಾಬಿನ ಹಳೆಯ ಕೆಲಸಗಾರ ಗುತ್ತೆಪ್ಪ, ಸ್ಲೈಡುಗಳಿಗೆ ಬಣ್ಣ ಹಾಕುವವನು, ಗಾಜು ಒರೆಸುತ್ತಿದ್ದ.

‘ಮೇಡಂ, ಅರವತ್ತರಲ್ಲಿ ಹತ್ತು ಸ್ಲೈಡು ನಾನೇ ಇನ್ನೊಮ್ಮೆ ನೋಡಿದೆ. ಎಲ್ಲ ಜೋಡಿಗಳದ್ದೂ ನೋಡ್ತೀವಿ’ ಎಂದು ಅವನು ಕಾಗದ ಮುಂದಿಟ್ಟ. ‘ಮೂವತ್ತಮೂರನೇ ಸ್ಲೈಡಲ್ಲಿ ಇಯೋಸಿನೊಫಿಲ್ ಹತ್ತೊಂಬತ್ತು. ಹೊಟ್ಟೇಲಿ ಹುಳ ಇರೋ ಮಗು ಅನ್ಸುತ್ತೆ. ಮೂವತ್ನಾಲ್ಕರಲ್ಲಿ ಬರೀ ಎರಡು. ಗುಲ್ನಾಜ್ ಪುಸ್ತಕದಲ್ಲಿ ಅದು ಅದಲುಬದಲಾಗಿದೆ. ಆಗುತ್ತೆ, ಸಾಲು ತಪ್ಪುತ್ತೆ. ಆದ್ರೆ ನಿಮ್ಮ ಪುಸ್ತಕದಲ್ಲೂ ಅದೇ ಅದಲುಬದಲು. ಬೇರೆಬೇರೆ ಎಣಿಸಿದ ಇಬ್ಬರಿಗೂ ಒಂದೇ ತಪ್ಪು ಒಂದೇ ಸಾಲಲ್ಲಿ ಹೆಂಗೆ ಬರುತ್ತೆ?’

ಕಾಗದದ ಮೇಲಿನ ಅಂಕಿಗಳು ಒಂದರ ಮೇಲೊಂದು ಹತ್ತಿಕೊಂಡವು. ಇಯೋಸಿನೊಫಿಲ್. ಐದರಲ್ಲಿ ಅವಳಿಗೆ ನಿಜವಾಗಿ ಗುರುತು ಸಿಗುತ್ತಿದ್ದದ್ದು ಅದೊಂದೇ. ಒಳಗೆಲ್ಲ ಕೇಸರಿ ಸಾಸಿವೆ ತುಂಬಿದಂತೆ ಇರುತ್ತದೆ. ಆ ಎರಡು ಸ್ಲೈಡನ್ನು ಒಂದೇ ಒಂದು ಸಲ ಕಣ್ಣುಬಿಟ್ಟು ನೋಡಿದ್ದರೆ ಅವಳಿಗೂ ಗೊತ್ತಾಗಿಬಿಡುತ್ತಿತ್ತು. ಈಗ ಹೇಳಬೇಕು ಎಂದುಕೊಂಡಳು. ಬಾಯಿ ತೆರೆಯುವ ಮೊದಲೇ ಬಸವಕಿರಣ್ ದನಿ ತಗ್ಗಿಸಿದ.

‘ನಿಮಗೆ ಬೇಜಾರಾಗುತ್ತೆ ಅಂತ ಗೊತ್ತು ಮೇಡಂ. ನಿಮ್ಮ ಸಾಲು ಕೈತಪ್ಪಿ ಬದಲಾಗಿದೆ, ಅವಳು ನಿಮ್ಮದನ್ನ ನೋಡಿ ಇಳಿಸ್ಕೊಂಡಿದಾಳೆ. ಮಕ್ಕಳು ಹಂಗೇ. ಟೀಚರ್ ಬರ್ದಿದ್ದೇ ಸರಿ ಅಂತ.’

ಒಂದು ಬಾಗಿಲು ತೆರೆದಂತಾಯಿತು. ತಾನು ಅದನ್ನು ತಳ್ಳಲಿಲ್ಲ. ಅದು ತಾನಾಗಿ ತೆರೆಯಿತು. ಅವನು ‘ಗುಲ್ನಾಜ್’ ಎಂದು ಕರೆದ. ಹುಡುಗಿ ಬಂದು ನಿಂತಳು. ಅವನು ಅದನ್ನೇ ಮತ್ತೆ ಕೇಳಿದ, ಸಿಟ್ಟಿಲ್ಲದೆ. ಹುಡುಗಿ ಕಾಗದ ನೋಡಿದಳು, ಆಮೇಲೆ ಮರುಳಸಿದ್ದಮ್ಮನ ಮುಖವನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಸಿಂಕಿನ ನಲ್ಲಿಯಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು. ಮರುಳಸಿದ್ದಮ್ಮ ಕೊರಳಿನ ಗುರುತಿನ ಚೀಟಿಯನ್ನು ಬೆರಳಿನಲ್ಲಿ ತಿರುವುತ್ತಿದ್ದಳು.

‘ಹೌದ್ರಿ ಸರ್’ ಎಂದಳು ಗುಲ್ನಾಜ್. ‘ನಾನ ನೋಡ್ಕೊಂಡು ಬರದೆ.’

‘ಸರಿ’ ಎಂದ ಬಸವಕಿರಣ್. ‘ನಾಲ್ಕು ವಾರದ ಸರ್ಟಿಫಿಕೇಟು ಕೊಡ್ತೀವಿ, ಅದಕ್ಕೇನಿಲ್ಲ. ಮುಂದಿನ ಎರಡು ವರ್ಷಕ್ಕೆ ನಿಮ್ಮ ಶಾಲೆ ಹೆಸರಿತ್ತು ಮೇಡಂ. ಅದು ಹಂಗೇ ಇರ್ಲಿ. ನೀವು ಬೇರೆ ಹುಡುಗೀನ ಕರ್ಕೊಂಡು ಬನ್ನಿ. ಸೋಮವಾರ ಹೆಸರು ಕೊಡಿ.’

ಮಧ್ಯಾಹ್ನ ಮೆಟ್ಟಿಲ ಮೇಲೆ ಇಬ್ಬರೂ ಡಬ್ಬಿ ಬಿಚ್ಚಿ ಕೂತರು. ಕೆಳಗೆ ರಸ್ತೆಯಲ್ಲಿ ಸ್ಕೂಟಿಗಳು ಬೇವಿನ ನೆರಳಿಗೆ ಒಂದಕ್ಕೊಂದು ಅಂಟಿ ನಿಂತಿದ್ದವು. ಮರುಳಸಿದ್ದಮ್ಮ ರೊಟ್ಟಿಯನ್ನು ಮುರಿದು ಮುರಿದು ಡಬ್ಬಿಯಲ್ಲೇ ಇಡುತ್ತಿದ್ದಳು. ಹುಡುಗಿ ಮಾತ್ರ ಚೆನ್ನಾಗಿ ಅಗಿದು ಉಣ್ಣುತ್ತಿದ್ದಳು. ಅದು ಕೂಡ ಇವಳಿಗೆ ಅಸಹನೀಯವಾಯಿತು. ಅಳುತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

‘ಯಾಕ ಹಂಗಂದೆ?’ ಎಂದು ಕೊನೆಗೆ ಕೇಳಿದಳು.

ಗುಲ್ನಾಜ್ ತುತ್ತು ನುಂಗಿ ನೀರು ಕುಡಿದಳು. ‘ನೀವು ಹೇಳ್ತೀರಿ ಅಂತ ಕಾಯ್ದೆ ಮೇಡಂ. ಹೇಳ್ಲಿಲ್ಲ.’ ಬಾಯಿ ಒರೆಸಿಕೊಂಡು, ‘ನೀವ ಹೇಳ್ಲಿಲ್ಲಂದ್ರ ನಾನು ಹೆಂಗ ಹೇಳ್ಲಿ? ಮೇಡಂ ನಂದು ನೋಡಿ ಬರದ್ರು ಅಂದ್ರ ಯಾರು ನಂಬ್ತಾರ?’

‘ನಿಂಗ ಯಾವಾಗಿಂದ ಗೊತ್ತಿತ್ತು?’

‘ಮೊದ್ಲ ವಾರನ’ ಎಂದಳು ಹುಡುಗಿ, ಡಬ್ಬಿಯ ಮುಚ್ಚಳ ಹಾಕುತ್ತ. ‘ಒಂದ್ಸಲ ನಿಮ್ ಪುಸ್ತಕ ತೆರದ ಇತ್ತು, ನನ್ ಏಳನ್ನ ನೀವು ಒಂದು ಅಂತ ಬರ್ಕೊಂಡಿದ್ರಿ. ಕೂಡಿಸಿದ್ರ ತೊಂಬತ್ನಾಕ ಆಗಿತ್ತು. ಅದಕ್ಕ ಆಮ್ಯಾಲಿಂದ ಬಿಡಿಸಿ ಬರದೆ.’

ಮನೆಗೆ ಬಂದು ಮರುಳಸಿದ್ದಮ್ಮ ತಲೆನೋವೆಂದು ಮಲಗಿದಳು. ಮರುದಿನ ಶನಿವಾರವಿಡೀ ಮನೆಯ ಕಪಾಟುಗಳನ್ನೆಲ್ಲ ತೆಗೆದು ಜೋಡಿಸಿದಳು. ತಾನು ಏನನ್ನೂ ಹೇಳಲಿಲ್ಲವಲ್ಲ, ಸುಳ್ಳನ್ನೂ ಹೇಳಲಿಲ್ಲವಲ್ಲ ಎಂಬ ಒಂದು ವಾದ ಮನಸ್ಸಿನಲ್ಲಿ ಏಳುತ್ತಿತ್ತು. ಏಳುತ್ತಲೇ ನಾಚಿಕೊಂಡು ಕೂತುಬಿಡುತ್ತಿತ್ತು. ಹುಡುಗಿ ಎಳೆಯವಳು, ಇನ್ನೊಂದು ಅವಕಾಶ ಬರುತ್ತದೆ. ಬರುತ್ತದೆಯೇ? ಗಾದಿ ಹೊಲಿಯುವವನ ಮಗಳನ್ನು ಮೈಕ್ರೋಸ್ಕೋಪಿನ ಮುಂದೆ ಕೂಡಿಸುವವರು ಹರಿಹರದಲ್ಲಿ ದಿನಕ್ಕೆಷ್ಟು ಜನ ಹುಟ್ಟುತ್ತಾರೆ? ತಾನು ಹೇಳಿಬಿಟ್ಟರೆ? ಸ್ಟಾಫ್‌ರೂಮಿನಲ್ಲಿ ಮಾತು ನಿಲ್ಲುವುದನ್ನು, ತಾನು ಒಳಗೆ ಹೋದಾಗ ಎಲ್ಲರೂ ಟೀ ಲೋಟ ನೋಡುವುದನ್ನು ಅವಳು ಕಣ್ಣಾರೆ ಕಂಡಳು. ಆರು ವರ್ಷದ ಹಿಂದೆ ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡಿದ್ದ ಒಬ್ಬಳನ್ನು ಇಡೀ ತರಗತಿಯ ಮುಂದೆ ನಿಲ್ಲಿಸಿದ್ದು ನೆನಪಾಯಿತು. ಆ ಹುಡುಗಿಯ ಹೆಸರು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ನಿಂತಿದ್ದವಳ ಲಂಗದ ಅಂಚು ಬಿಚ್ಚಿಹೋಗಿ ಜೋತಾಡುತ್ತಿದ್ದದ್ದು ಮಾತ್ರ ಸ್ಪಷ್ಟವಾಗಿತ್ತು.

ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ದಿಲ್ಷಾದ್ ಬೇಗಂ ನಿಂತಿದ್ದಳು. ಬುರ್ಖಾದ ಮುಸುಕು ಮೇಲೆತ್ತಿಕೊಂಡು, ಕೈಯಲ್ಲಿ ಒಂದು ಚೀಲದ ತುಂಬ ಮಾವಿನಹಣ್ಣು. ಗೊತ್ತಾಗಿಬಿಟ್ಟಿದೆ, ಬಯ್ಯಲು ಬಂದಿದ್ದಾಳೆ ಎಂದು ಮರುಳಸಿದ್ದಮ್ಮ ಅಂದುಕೊಂಡಳು. ಆ ಯೋಚನೆಯ ಬೆನ್ನಿಗೇ ಒಂದು ತಂಪು ಕೂಡ ಹಾಯಿತು. ಬಯ್ಯಲಿ. ಆದರೆ ಅವಳು ಒಳಗೆ ಬಂದವಳು ಕುರ್ಚಿಯ ತುದಿಯಲ್ಲಿ ಕೂತು ಕೈಮುಗಿದಳು.

‘ನಮ್ ಹುಡುಗಿ ಗಲ್ತಿ ಮಾಡ್ಯಾಳ್ರಿ ಮೇಡಂ. ಎಲ್ಲಾ ಹೇಳಿದ್ಲು. ನಿಮ್ದು ನೋಡಿ ಬರದಾಳಂತ. ನೀವು ಅಷ್ಟ್ ದೂರ ಕರ್ಕೊಂಡು ಹೋಗಿ, ಮಗಳಂಗ ನೋಡ್ಕೊಂಡ್ರಿ. ಇವ್ಳು ನಿಮ್ ಮರ್ಯಾದಿ ಕಳದ್ಲು. ಇವರಪ್ಪ ಎರಡು ದಿನದಿಂದ ಅವಳ ಕೂಡ ಮಾತಾಡಿಲ್ಲ. ಅವರು ಬಯ್ಯೋ ಮನುಷ್ಯಲ್ಲ, ಸುಮ್ನ ಇರ್ತಾರ. ಮಾಫ್ ಮಾಡ್ರಿ.’

ಗಂಡ ಶಿವಮೂರ್ತಪ್ಪ ಪೇಪರಿನಿಂದ ತಲೆ ಎತ್ತಿದ. ‘ಆಗ್ಲಿ ಬಿಡಮ್ಮ, ಹುಡುಗ್ರು. ಏನ್ ಮನಸಿಗೆ ಹಚ್ಕೋಬ್ಯಾಡ’ ಎಂದು ಹೇಳಿ ಹೆಂಡತಿಯ ಕಡೆ ನೋಡಿದ. ‘ಹೇಳು ನೀನೂ.’

ಈಗ ಎಂದು ಒಳಗಿನ ಯಾವುದೋ ಒಂದು ಅಂದಿತು. ಮೂರು ಮಾತು, ಅಷ್ಟೇ. ತಪ್ಪು ಅವಳದಲ್ಲ. ದಿಲ್ಷಾದ್ ಬೇಗಮಳ ಮುಗಿದ ಕೈಯ ಉಗುರಿನ ಸಂದಿಯಲ್ಲಿ ಅರಳೆಯ ಎಳೆ ಇತ್ತು. ಮರುಳಸಿದ್ದಮ್ಮ ತನ್ನ ಬಾಯಿಂದ ಬಂದ ಮಾತನ್ನು ಬೇರೆ ಯಾರೋ ಆಡುತ್ತಿರುವಂತೆ ಕೇಳಿಸಿಕೊಂಡಳು: ‘ಇರ್ಲಿ ಬಿಡ್ರಿ. ಸಣ್ಣಾಕಿ. ನಾನೇನು ಮನಸಿನಾಗ ಇಟ್ಕೊಂಡಿಲ್ಲ.’

ಕ್ಷಮಿಸಿದ್ದಳು. ಅಡುಗೆಮನೆಗೆ ಹೋಗಿ ಚಹಾ ಮಾಡಿದಳು, ಒಳ್ಳೆಯ ಕಪ್ಪು ತೆಗೆದಳು, ಶುಂಠಿ ಜಜ್ಜಿ ಹಾಕಿದಳು. ಸುಮ್ಮನಿದ್ದದ್ದು ಒಂದು, ಇದು ಬೇರೆ. ಇದಕ್ಕೆ ಯಾವ ಬಾಗಿಲೂ ತಾನಾಗಿ ತೆರೆದಿರಲಿಲ್ಲ. ತಾಯಿ ಹೋದಮೇಲೆ ಶಿವಮೂರ್ತಪ್ಪ ಮಾವಿನಹಣ್ಣು ಮೂಸಿ, ‘ಪಾಪ, ಮರ್ಯಾದಸ್ತ ಜನ’ ಎಂದ. ಅವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ವಾಂತಿ ಮಾಡಿಕೊಂಡಳು.

ಸೋಮವಾರ ಗುಲ್ನಾಜ್ ಬಸ್‌ಸ್ಟ್ಯಾಂಡಿಗೆ ಬರಲಿಲ್ಲ. ಮರುಳಸಿದ್ದಮ್ಮ ನಿಂತುಕೊಂಡೇ ದಾವಣಗೆರೆಗೆ ಹೋದಳು. ಮೆಟ್ಟಿಲು ಹತ್ತಿ ಬಸವಕಿರಣ್ ಮುಂದೆ ನಿಂತು, ಅವನು ಕುರ್ಚಿ ಎಳೆಯುವ ಮೊದಲೇ, ‘ಹುಡುಗಿ ನೋಡಿ ಬರೆದಿಲ್ಲ ಸರ್. ನಾನು ಅವಳದ್ದನ್ನ ನೋಡಿ ಬರೆದಿದ್ದು’ ಎಂದಳು. ಹೇಳಿಬಿಟ್ಟಿದ್ದಳು. ಕೋಣೆ ಕುಸಿಯಲಿಲ್ಲ. ಬಸವಕಿರಣ್ ಕನ್ನಡಕ ತೆಗೆದು ಒರೆಸಿಕೊಂಡು ಮುಗುಳ್ನಕ್ಕ.

‘ಅವರ ಮನೆಯವ್ರು ಬಂದಿದ್ರಾ ಮೇಡಂ?’

‘ಬಂದಿದ್ರು. ಅದಕ್ಕಲ್ಲ...’

‘ಅರ್ಥ ಆಗುತ್ತೆ. ನಿಮ್ಮಂಥ ಟೀಚರ್ ನನಗೂ ಸಿಕ್ಕಿದ್ರೆ ಅನ್ಸುತ್ತೆ. ಆದ್ರೆ ಹಿಂಗೆ ಮೈಮೇಲೆ ಹಾಕ್ಕೊಂಡ್ರೆ ಅವಳಿಗೆ ಒಳ್ಳೇದಾಗಲ್ಲ.’

‘ಅಲ್ಲ ಸರ್. ನನಗೆ ಮಾನೋಸೈಟ್ ಗುರುತು ಸಿಗಲ್ಲ. ಲಿಂಫೋಸೈಟೂ ಸಿಗಲ್ಲ. ನನಗೇನೂ ಬರಲ್ಲ.’

ಅವನು ನಕ್ಕುಬಿಟ್ಟ, ಪ್ರೀತಿಯಿಂದ. ‘ಇಪ್ಪತ್ತೆರಡು ವರ್ಷ ಪಾಠ ಮಾಡಿದವರಿಗೆ?’

‘ಒಂದು ಸ್ಲೈಡು ಇಡ್ರಿ. ಈಗಲೇ ಕೇಳ್ರಿ ನನ್ನ.’

‘ಮೇಡಂ, ಬೇಕಂತಲೇ ನೀವು ತಪ್ಪು ಹೇಳಿದ್ರೆ ನನಗೆ ಹೆಂಗೆ ಗೊತ್ತಾಗಬೇಕು?’

ಹೌದು. ಗೊತ್ತಿದೆಯೆಂದು ಇಷ್ಟು ವರ್ಷ ನಟಿಸಿದವಳು ಗೊತ್ತಿಲ್ಲವೆಂಬುದಕ್ಕೆ ಈಗ ಎಲ್ಲಿಂದ ಸಾಕ್ಷಿ ತರುವುದು? ಅವನ ಕಣ್ಣಲ್ಲಿ ತಾನು ಕ್ಷಣಕ್ಷಣಕ್ಕೆ ದೊಡ್ಡವಳಾಗುತ್ತಿದ್ದಳು. ಈ ಗೌರವದಿಂದ ಹೊರಗೆ ಬರಲು ದಾರಿಯೇ ಇರಲಿಲ್ಲ. ಸತ್ಯ ಹೇಳಿದಷ್ಟೂ ಅದು ಬಿಗಿಯಾಗುತ್ತಿತ್ತು. ಇಲ್ಲಿಂದ ಹೊರಗೆ ಹೋದರೆ ನಾಳೆ ಇದನ್ನೇ ಇವನು ಎಲ್ಲರಿಗೂ ಒಂದು ಕಥೆಯಾಗಿ ಹೇಳುತ್ತಾನೆ, ತ್ಯಾಗಮಯಿ ಶಿಕ್ಷಕಿಯ ಕಥೆ.

‘ಸರ್, ಒಂದ್ ಮಾತು ಹೇಳ್ಲಾ?’ ಎಂದ ಗುತ್ತೆಪ್ಪ, ಸಿಂಕಿನ ಕಡೆಯಿಂದ. ಅವನ ಕೈಯ ಬಟ್ಟೆ ನಿಂತಿರಲಿಲ್ಲ. ‘ದೊಡ್ಡ ಲೆನ್ಸಿಗೆ ಎಣ್ಣಿ ಹನಿ ಬಿಡ್ಲಿಲ್ಲಂದ್ರ ಕಣ ಕಾಣಲ್ಲ. ನೋಡಿದ ಸ್ಲೈಡೆಲ್ಲ ನಾನ ಒರಸಿ ಇಡಾವ. ಹುಡುಗಿ ನೋಡಿದ ಸ್ಲೈಡಿನ ಮ್ಯಾಲೆ ಎಣ್ಣಿ ಇರ್ತಿತ್ತು. ಮೇಡಮ್ಮಾರು ನೋಡಿದ ಸ್ಲೈಡಿನ ಮ್ಯಾಲೆ ಮೊದ್ಲ ಎರಡು ದಿನ ಇತ್ತು. ಆಮ್ಯಾಲೆ ಒಣವ ಬರ್ತಿದ್ವು.’

ಬಸವಕಿರಣ್ ಕನ್ನಡಕ ಹಾಕಿಕೊಂಡ. ‘ಮೊದಲೇ ಯಾಕೆ ಹೇಳ್ಲಿಲ್ಲ ಗುತ್ತೆಪ್ಪ?’

‘ಓದಿಸೋರ ವಿಚಾರ ಸರ್. ನಾನು ಒರಸಾವ’ ಎಂದು ಅವನು ಇನ್ನೊಂದು ಗಾಜು ತೆಗೆದುಕೊಂಡ.

ಬಸವಕಿರಣ್ ಮುಖದಲ್ಲಿ ಒಂದೊಂದಾಗಿ ದೀಪ ಆರಿಸಿದ ಹಾಗೆ ಏನೋ ಆಗುತ್ತಿರುವುದನ್ನು ಮರುಳಸಿದ್ದಮ್ಮ ನೋಡಿದಳು. ಅವನು ಬಯ್ಯಲಿಲ್ಲ. ಕುರ್ಚಿಯನ್ನು ತನ್ನ ಕಡೆ ಎಳೆದು ತಾನೇ ಕೂತ. ಕಾಗದಗಳನ್ನು ಸರಿಮಾಡಿದ. ಅವಳ ಮುಖ ನೋಡದೆ ಮಾತಾಡಿದ: ಅರವತ್ತು ಸ್ಲೈಡಿನ ಎರಡನೆಯ ಎಣಿಕೆ ಪೂರ್ತಿ ತೆಗೆದುಹಾಕಬೇಕು. ಮೇಲಿನವರಿಗೆ ಬರೆದು ತಿಳಿಸಬೇಕು. ಹುಡುಗಿಯ ಹೆಸರು ಉಳಿಯುತ್ತದೆ.

‘ನಾನು ಬರೋದಿಲ್ಲ ಸರ್. ಬೇರೆ ಯಾರನ್ನಾದರೂ...’

‘ನಿಮ್ಮ ಶಾಲೇಲಿ ಬೇರೆ ಸೈನ್ಸ್ ಟೀಚರ್ ಇದಾರಾ?’

‘ಇಲ್ಲ.’

‘ಮತ್ತೆ? ಇಲ್ಲಿ ಜೋಡಿ ಇಲ್ದೆ ತಗೊಳಲ್ಲ. ನೀವು ಬಿಟ್ರೆ ಆ ಹುಡುಗೀನೂ ಬಿಡ್ಬೇಕಾಗುತ್ತೆ.’ ಅವನು ಮೊದಲ ಸಲ ತಲೆ ಎತ್ತಿದ. ‘ಎರಡು ವರ್ಷ, ಪ್ರತಿ ಶನಿವಾರ. ನೀವು ಮೊದಲಿಂದ ಕಲೀಬೇಕು. ನನಗೆ ಅಷ್ಟು ಟೈಮಿಲ್ಲ. ಅವಳೇ ಕಲಿಸ್ಲಿ.’

ಆ ಸಂಜೆ ಅವಳು ನೆಟ್ಟಗೆ ಖಲೀಲನ ಮನೆಗೆ ಹೋದಳು. ಅಂಗಳದಲ್ಲಿ ಅವನು ಹರಡಿದ ಅರಳೆಯ ನಡುವೆ ಕೂತು ಗಾದಿಯೊಂದರ ಬಾಯಿ ಹೊಲಿಯುತ್ತಿದ್ದ. ದಿಲ್ಷಾದ್ ಬೇಗಂ ಹೊಸ್ತಿಲಿಗೆ ಬಂದಳು. ಗುಲ್ನಾಜ್ ಒಳಗೆಲ್ಲೋ ಇದ್ದಳು. ಪಾತ್ರೆಯ ಸದ್ದು ನಿಂತದ್ದರಿಂದ ಅದು ತಿಳಿಯಿತು. ಮರುಳಸಿದ್ದಮ್ಮ ನಿಂತೇ ಹೇಳಿದಳು. ಎರಡನೆಯ ಸಲ ಸುಲಭವಾಗಬಹುದೆಂದು ಬಸ್ಸಿನಲ್ಲಿ ಅಂದುಕೊಂಡಿದ್ದಳು. ಆಗಲಿಲ್ಲ. ಖಲೀಲ್ ಸೂಜಿ ಚುಚ್ಚಿದಲ್ಲೇ ಬಿಟ್ಟು, ಎದ್ದು, ಮಗಳಿದ್ದ ಒಳಕೋಣೆಗೆ ಹೋದ.

ದಿಲ್ಷಾದ್ ಬೇಗಂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ‘ನಿನ್ನೆ ನಾನು ನಿಮ್ ಮನೀಗ ಬಂದಿದ್ದೆ’ ಎಂದಳು.

‘ಹೂಂ.’

‘ಕೈ ಮುಗದೆ ನಿಮಗ.’

ಮರುಳಸಿದ್ದಮ್ಮ ಅಂಗಳದ ಅರಳೆಯ ಕಡೆ ನೋಡಿದಳು.

‘ನೀವು ಚಾ ಕೊಟ್ರಿ. ನಾನು ಕುಡದು ಬಂದೆ.’ ಅವಳ ದನಿ ಏರಲಿಲ್ಲ. ಕೂಡ್ರಿ ಎನ್ನಲಿಲ್ಲ. ರಸ್ತೆಯಲ್ಲಿ ಯಾರೋ ಹಾದುಹೋದರು. ಅವರು ದಾಟುವವರೆಗೆ ಕಾದಳು. ‘ಹುಡುಗೀನ ಬಿಡಸಂಗಿಲ್ಲ ನಾನು. ಆಕೀಗ ಬರ್ತೈತೆ ಅಂತ ಈಗ ಗೊತ್ತಾತಲ್ಲ. ಶನಿವಾರ ಕಳಸ್ತೀನಿ. ಒಬ್ಬಾಕೀನ ಕಳಸಾಕ ಆಗಲ್ಲ. ಬಸ್ಸಿನಾಗ ನೀವ ಜೊತಿಗಿರಬೇಕು. ಮತ್ಯಾರದಾರ ನಮಗ?’ ಹೀಗೆಂದು ಒಳಗೆ ಹೋಗಿ ಬಾಗಿಲನ್ನು ಮುಚ್ಚಿಕೊಂಡಳು. ಬಡಿಯಲಿಲ್ಲ, ಮೆಲ್ಲಗೆ ಮುಚ್ಚಿಕೊಂಡಳು.

ಜೂನ್ ಮೊದಲ ಶನಿವಾರ ಲ್ಯಾಬಿನಲ್ಲಿ ಎರಡು ಕಡೆಯಿಂದ ಇಬ್ಬರು ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪಿನ ಮುಂದೆ ಅವರಿಬ್ಬರೂ ಎದುರುಬದುರಾಗಿ ಕೂತರು. ಬಸ್ಸಿನಲ್ಲಿ ಗುಲ್ನಾಜ್ ಅಗತ್ಯಕ್ಕಿಂತ ಒಂದು ಮಾತು ಹೆಚ್ಚಿಗೆ ಆಡಿರಲಿಲ್ಲ. ಟಿಕೆಟಿನ ಚಿಲ್ಲರೆ ಇದೆಯೇ ಎಂದು ಮಾತ್ರ ಕೇಳಿದ್ದಳು. ಆಚೆ ಮೇಜುಗಳಲ್ಲಿ ಇನ್ನೊಂದು ಶಾಲೆಯ ಜೋಡಿ, ಬಸವಕಿರಣ್, ಗುತ್ತೆಪ್ಪ, ಎಲ್ಲರಿಗೂ ಗೊತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಎರಡು ವರ್ಷ ಇದೇ ಕೋಣೆ, ಇದೇ ಬೆನ್ನಹಿಂದಿನ ಮೌನ ಎಂದು ಮರುಳಸಿದ್ದಮ್ಮನಿಗೆ ಅನಿಸಿತು. ಎದ್ದು ಹೋಗುವಂತಿರಲಿಲ್ಲ. ತಾನು ಎದ್ದರೆ ಎದುರಿಗಿರುವವಳೂ ಏಳಬೇಕಾಗುತ್ತದೆ.

ಹುಡುಗಿ ಎಣ್ಣೆಯ ಹನಿ ಬಿಟ್ಟು, ಗಾಜನ್ನು ಸರಿಸಿ, ಬೆಳಕಿನ ವೃತ್ತದ ನಡುವೆ ಒಂದು ಕಣವನ್ನು ತಂದು ನಿಲ್ಲಿಸಿದಳು. ‘ಇದು ಯಾವ್ದು ಹೇಳ್ರಿ ಮೇಡಂ.’

ದನಿ ತಗ್ಗಿಸಿರಲಿಲ್ಲ. ಆಚೆ ಮೇಜಿನವರಿಗೆ ಕೇಳುವಂತಿತ್ತು. ಮರುಳಸಿದ್ದಮ್ಮ ಕಣ್ಣನ್ನು ಒತ್ತಿ ನೋಡಿದಳು. ಬೂದು ಬಣ್ಣದ ದೊಡ್ಡದೊಂದು, ಅಂಚು ಸವೆದದ್ದು.

‘ಮಾನೋಸೈಟ್?’

‘ಅಲ್ರಿ. ಇನ್ನೊಂದ್ಸಲ ನೋಡ್ರಿ.’

ನೋಡಿದಳು. ಬೇರೆ ಹೆಸರೊಂದು ನಾಲಿಗೆಯ ತುದಿಗೆ ಬಂತು, ಹೇಳಿದರೆ ಸರಿಯಾಗಲೂಬಹುದಿತ್ತು. ಹುಡುಗಿ ಸುಳಿವು ಕೊಡದೆ ಕಾಯುತ್ತಿದ್ದಳು. ಹಿಂದೆ ಯಾರದೋ ಪೆನ್ನು ಬರೆಯುವುದು ನಿಂತಿತು.

‘ಗೊತ್ತಾಗವಲ್ದು’ ಎಂದಳು ಮರುಳಸಿದ್ದಮ್ಮ.

‘ಹಂಗ ಅನ್ರಿ ಮತ್ತ’ ಎಂದಳು ಗುಲ್ನಾಜ್. ಒಂದಿಷ್ಟೂ ಮೃದುವಾಗಿರಲಿಲ್ಲ ಆ ದನಿ. ಅವಳು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು. ‘ಈಗ ಅದರ ಪಕ್ಕದ್ದು ನೋಡ್ರಿ. ಎರಡಕ್ಕೂ ಏನ್ ಫರಕು ಐತೆ, ಕಂಡಷ್ಟ ಹೇಳ್ರಿ.’